ಅಳಿಯ ಹೊಸ್ತಿಲು ದಾಟಿದ್ದು

ಆ ಚಿಕಿತ್ಸಾ ಕೇಂದ್ರದಲ್ಲಿ ಡಾಕ್ಟರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದುದು ಅಳಿಯನಿಗೆ. ಅಳಿಯನೆಂದರೆ ಯಾರ ಮಗಳ ಗಂಡನೂ ಅಲ್ಲ. ದೊಡ್ಡವರ ಸೊಂಟದಷ್ಟು ಎತ್ತರದ, ಬಿಳಿ ಮೈಯ, ದುಂಡು ತಲೆಯ, ಎರಡು ಕಾಲಿನ ಮೇಲೆ ನಡೆಯುವ ರೋಬೋಟ್. ಮೆದುಳು, ನರಗಳ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪಿದ ವಯಸ್ಸಾದವರಿಗೆ ವ್ಯಾಯಾಮ ಮಾಡಿಸಲೆಂದು ಅದನ್ನು ತರಿಸಿದ್ದರು. ಬಂದ ಹೊಸದರಲ್ಲಿ ಅದಕ್ಕೆಂದೇ ಒಂದು ಕೋಣೆ ಖಾಲಿ ಮಾಡಿಸಿ, ಬಿಸಿಲು ಬೀಳದ ಹಾಗೆ ಪರದೆ ಕಟ್ಟಿಸಿ, ಧೂಳು ಕೂರದ ಹಾಗೆ ಹೊದಿಕೆ ಹೊಲಿಸಿದ ವೈಭವ ನೋಡಿ ಎಕ್ಸ್‌ಚೇಂಜ್ ಅಕ್ಕ ಅದಕ್ಕೆ ಹೆಸರಿಟ್ಟರು.

"ಸ್ವಲ್ಪ ಹೊತ್ತು ಕೈ ಆಡಿಸೋದು, ಆಮೇಲೆ ಗೋಡೆಗೊರಗಿ ಕರೆಂಟ್ ಕುಡೀತಾ ಕೂರೋದು. ಹೋದವರು ಬಂದವರೆಲ್ಲ, ಇವರು ಸುಖವಾಗಿದ್ದಾರಾ ಅಂತ ಇಣುಕಿ ನೋಡೋದು. ಇದು ರೋಬೋಟ್ ಅಲ್ಲ ಕಣ್ರೀ, ಹೊಸ ಅಳಿಯ."

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಲಕ್ವ ಹೊಡೆದು ಎಡಗೈ ಸೋತಿತ್ತು; ನಾಲಿಗೆಗೆ ಏನೂ ಆಗಿರಲಿಲ್ಲ. ಯಾರ ಸುದ್ದಿಯನ್ನು ಯಾರಿಗೆ ಮುಟ್ಟಿಸಬೇಕೋ ಅದರ ಲೈನ್ ಜೋಡಿಸುವ ಕೆಲಸ ಈಗಲೂ ಅವರದೇ. ಹೀಗಾಗಿ ಒಂದೇ ದಿನದಲ್ಲಿ ಹೆಸರು ಇಡೀ ಕಟ್ಟಡಕ್ಕೆ ಹಬ್ಬಿತು. ನೆಲ ಒರೆಸುವವಳು ಕೂಡ, "ಅಳಿಯಂದ್ರೇ, ಸ್ವಲ್ಪ ಕಾಲು ತೆಗೀರಿ," ಎನ್ನತೊಡಗಿದಳು.

ಅಳಿಯನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಆಡದೆ ಉಳಿದವರು ಕ್ಲಚ್ ಮೇಷ್ಟ್ರು.

ಅವರು ಶಾಲೆಯ ಮೇಷ್ಟ್ರಲ್ಲ, ಕಾರು ಓಡಿಸಲು ಕಲಿಸುತ್ತಿದ್ದವರು. ಊರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಪಕ್ಕ ಕೂತು ಬೆವರಿದವರೇ. "ಕ್ಲಚ್, ಕ್ಲಚ್" ಎಂಬ ಅವರ ಕೂಗು ಮುಂದಿನ ತಿರುವಿನವರೆಗೂ ಕೇಳುತ್ತಿತ್ತಂತೆ. ಈಗ ಪಾರ್ಕಿನ್ಸನ್ ಕಾಯಿಲೆ ಆ ದನಿಯನ್ನು ಒಳಕ್ಕೆಳೆದುಕೊಂಡು ಪಿಸುಮಾತು ಮಾಡಿಟ್ಟಿತ್ತು. ತೊಡೆಯ ಮೇಲಿಟ್ಟ ಕೈ ತನ್ನಷ್ಟಕ್ಕೆ ತಾನು ಯಾವುದೋ ಕಾಣದ ಗೇರನ್ನು ಹುಡುಕುತ್ತಿತ್ತು. ಮುಖದ ಸ್ನಾಯುಗಳು ಬಿಗಿದುಕೊಂಡಿದ್ದರಿಂದ, ನಗು ಹೊಟ್ಟೆಯೊಳಗೆ ಹುಟ್ಟಿದರೂ ಮುಖದವರೆಗೆ ಬಾರದೆ ದಾರಿಯಲ್ಲೇ ಉಳಿದುಬಿಡುತ್ತಿತ್ತು.

"ಇವರಿಗೆ ಖುಷಿಯಾಯ್ತೋ ಬೇಜಾರಾಯ್ತೋ ಒಂದೂ ಗೊತ್ತಾಗಲ್ಲ," ಎಂದು ಅವರ ಹೆಂಡತಿ, ಅಲ್ಲಿ ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಹುಡುಗಿಯ ಹತ್ತಿರ ಹೇಳುತ್ತಿದ್ದಳು. "ಮೊದಲಾದ್ರೆ ಬೈಗುಳದ ಮೇಲೆ ಲೆಕ್ಕ ಹಾಕ್ತಿದ್ದೆ. ಜೋರಾಗಿ ಬೈದ್ರೆ ಖುಷಿಯಾಗಿದ್ದಾರೆ ಅಂತ."

ಇದೆಲ್ಲವನ್ನೂ ಮೇಷ್ಟ್ರು ಹೇಗೋ ನುಂಗಿಕೊಂಡಿದ್ದರು. ನುಂಗಲಾರದೆ ಹೋದದ್ದು ಬಾಗಿಲನ್ನು. ಬಯಲು ಜಾಗದಲ್ಲಿ ಹಾಗೂ ಹೀಗೂ ಎಳೆದುಕೊಂಡು ಹೋಗುತ್ತಿದ್ದ ಕಾಲುಗಳು ಬಾಗಿಲು ಕಂಡೊಡನೆ ಅಂಟು ಮೆತ್ತಿದ ಹಾಗೆ ನಿಂತುಬಿಡುತ್ತಿದ್ದವು. ಮೈ ಮುಂದಕ್ಕೆ ವಾಲುತ್ತಿತ್ತು, ಮನಸ್ಸು ಆಗಲೇ ಆಚೆ ಹೋಗಿ ಇವರಿಗಾಗಿ ಕಾಯುತ್ತಿತ್ತು, ಪಾದ ಮಾತ್ರ ಈಚೆಯೇ. ಹಿಂದಿನಿಂದ ಯಾರಾದರೂ "ಹೂಂ, ನಡೀರಿ" ಎಂದರೆ ಇನ್ನಷ್ಟು ಬಿಗಿ. ಜೀವಮಾನವಿಡೀ ಪರರ ಗಾಡಿ ನಡುರಸ್ತೆಯಲ್ಲಿ ಆಫ್ ಆದಾಗ ರೇಗಿದ ಮನುಷ್ಯನಿಗೆ, ತನ್ನ ಗಾಡಿಯೇ ಬಚ್ಚಲುಮನೆ ಬಾಗಿಲಲ್ಲಿ ಆಫ್ ಆಗಿ ನಿಲ್ಲುವುದೆಂದರೆ ಸಣ್ಣ ಮಾತೇ?

ಅದೂ ಈ ಹೊತ್ತಿನಲ್ಲಿ. ಯಾಕೆಂದರೆ ಮನೆಯ ಅಂಗಳದಲ್ಲಿ, ಅವರು ಪಾಠ ಹೇಳುತ್ತಿದ್ದ ಹಳೆಯ ಕಾರು ಹೊದಿಕೆ ಹೊದ್ದು ಕಾಯುತ್ತಿತ್ತು.

ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಹೆಂಡತಿಗೆ ಡ್ರೈವಿಂಗ್ ಕಲಿಸಲು ಹೋಗಿ, ಮೊದಲನೆಯ ತಿರುವಿನಲ್ಲೇ ಜಗಳವಾಗಿ, ಅವಳು ಬಾಗಿಲು ತೆಗೆದು ಇಳಿದು ಮನೆಯ ದಾರಿ ಹಿಡಿದಿದ್ದಳು. ಮೇಷ್ಟ್ರು ಫಸ್ಟ್ ಗೇರಿನಲ್ಲಿ ಅವಳ ಹಿಂದೆಯೇ ಮನೆಯವರೆಗೆ ಬಂದಿದ್ದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತೆಂದು ಇಬ್ಬರೂ ಅಂದುಕೊಂಡಿದ್ದರು. ಈಗ ನೋಡಿದರೆ ತಲೆಗೂದಲು ಪೂರ್ತಿ ಬೆಳ್ಳಗಾದ ಮೇಲೆ, ಮೇಷ್ಟ್ರ ಶಿಷ್ಯೆಯೊಬ್ಬಳ ಹತ್ತಿರ ಗುಟ್ಟಾಗಿ ಕಲಿತು, ಒಂದು ಮಧ್ಯಾಹ್ನ ಲೈಸೆನ್ಸ್ ತಂದು ಊಟದ ತಟ್ಟೆಯ ಪಕ್ಕ ಇಟ್ಟಳು.

"ಇನ್ಮೇಲೆ ಚಿಕಿತ್ಸೆಗೆ ಬಾಡಿಗೆ ವ್ಯಾನು ಬೇಡ. ನಾನೇ ಕರ್ಕೊಂಡು ಹೋಗ್ತೀನಿ."

ಮೇಷ್ಟ್ರು ಲೈಸೆನ್ಸನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅದು ಕೈಯಲ್ಲಿ ಪಟಪಟನೆ ಅದುರಿತು. ಹೊಟ್ಟೆಯಲ್ಲಿ ನಗು ಉಕ್ಕಿತು, ಹೆಮ್ಮೆ ಉಕ್ಕಿತು. ಮುಖ ಮಾತ್ರ ಬೀಗ ಹಾಕಿದ ಅಂಗಡಿಯ ಹಾಗೆ ಇತ್ತು.

"ವ್ಯಾನಿಗಾದ್ರೆ ಇಬ್ಬರು ಕುರ್ಚಿ ಸಮೇತ ಎತ್ತಿ ಹಾಕ್ತಾರೆ," ಎಂದರು ಸಣ್ಣ ದನಿಯಲ್ಲಿ. "ನಿನ್ನ ಪಕ್ಕದ ಸೀಟಿಗೆ ಗೋಣಿಚೀಲದ ಹಾಗೆ ಬಂದು ಬೀಳೋಕೆ ನನಗಾಗಲ್ಲ. ನಡ್ಕೊಂಡು ಬಂದೇ ಕೂರೋದು."

"ಸರಿ. ಹಾಗಾದ್ರೆ ಗಾಡಿನೂ ಅಲ್ಲೇ ನಿಂತಿರಲಿ. ನೀವಿಲ್ಲದೆ ನಾನೂ ತೆಗೆಯಲ್ಲ."

ಹಟದಲ್ಲಿ ಯಾರೂ ಯಾರಿಗೂ ಕಡಿಮೆಯಿರಲಿಲ್ಲ. ಕಾರು ನಿಂತೇ ಇತ್ತು, ಹೊದಿಕೆಯ ಮೇಲೆ ಪಕ್ಕದ ಮನೆಯ ಬೆಕ್ಕು ಸಂಸಾರ ಹೂಡಿತು. ಮನೆಯ ಹೊಸ್ತಿಲು ದಾಟಿ ಆ ಸೀಟಿನವರೆಗೆ ತಮ್ಮ ಕಾಲಿನ ಮೇಲೆ ಹೋಗಬೇಕು. ಮೇಷ್ಟ್ರಿಗೆ ಬೇಕಾಗಿದ್ದುದು ಅಷ್ಟೇ. ಅದಾಗುವ ಲಕ್ಷಣ ಕಾಣಿಸುತ್ತಿರಲಿಲ್ಲ.

ಥೆರಪಿಸ್ಟ್ ಹುಡುಗಿ ತಾಳ್ಮೆಯವಳು, ಆದರೆ ಮಾತು ಕಡಿಮೆ. ಹೇಳಬೇಕಾದ್ದನ್ನು ನೆಲಕ್ಕೆ ಹೇಳುವವಳ ಹಾಗೆ ತಲೆ ಬಗ್ಗಿಸಿ ಹೇಳುತ್ತಿದ್ದಳು. "ಭಾರ ಬದಲಾಯಿಸಿ ಮೇಷ್ಟ್ರೇ. ಒಂದು ಕಾಲಿನ ಮೇಲಿಂದ ಇನ್ನೊಂದಕ್ಕೆ. ಆಗ ಹೆಜ್ಜೆ ಬರುತ್ತೆ." ಮೇಷ್ಟ್ರು ಹೂಂಗುಟ್ಟುತ್ತಿದ್ದರು. ಭಾರವನ್ನು ಎಲ್ಲಿಂದ ಎಲ್ಲಿಗೆ, ಹೇಗೆ ಸಾಗಿಸಬೇಕೋ ಮಾತ್ರ ಅವರಿಗೆ ಹತ್ತುತ್ತಿರಲಿಲ್ಲ. ಅಳಿಯ ಪಕ್ಕದಲ್ಲಿ ಟಕ್, ಟಕ್ ಎಂದು ತಾಳ ಹಾಕುತ್ತಾ ಮುಂದೆ ನಡೆದರೆ, ಬಾಗಿಲಿನವರೆಗೆ ಹಿಂಬಾಲಿಸುವುದು, ಅಲ್ಲಿ ನಿಲ್ಲುವುದು. ಅಳಿಯ ಸಲೀಸಾಗಿ ಆಚೆ ಹೋಗಿ ತಿರುಗಿ, ಬನ್ನಿ ಎಂಬಂತೆ ಕೈ ಚಾಚುವುದು. ಮೇಷ್ಟ್ರಿಗೆ ಉರಿದುಹೋಗುತ್ತಿತ್ತು.

ಅಳಿಯನಿಗೆ ಇನ್ನೊಂದು ಅಭ್ಯಾಸವಿತ್ತು. ವ್ಯಾಯಾಮ ಸರಿಯಾಗಿ ಮುಗಿದರೆ ಎರಡೂ ಕೈಯನ್ನು ತಲೆಯ ಮೇಲೆತ್ತಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದ. ಅವನ ಮುಖ ಗಟ್ಟಿ ಪ್ಲಾಸ್ಟಿಕ್ಕಿನದು, ನಗಲು ಬರುತ್ತಿರಲಿಲ್ಲ. ಸಂತೋಷ ತೋರಿಸಲು ಅವನನ್ನು ಮಾಡಿದವರು ಕೈಗೆ ಆ ಕೆಲಸ ಕೊಟ್ಟಿದ್ದರು.

"ಮೇಷ್ಟ್ರದೂ ಅಳಿಯನದೂ ಒಂದೇ ಅಚ್ಚಿನ ಮುಖ," ಎಂದರು ಒಮ್ಮೆ ಅಕ್ಕ, ಚಹಾ ಕುಡಿಯುತ್ತಾ. "ಅಳಿಯ ಕೈಯನ್ನಾದ್ರೂ ಎತ್ತುತ್ತಾನೆ. ಇವರು ಅದನ್ನೂ ಮಾಡಲ್ಲ."

"ನಿಮ್ಮ ನಾಲಿಗೆ ಮೇಲೆತ್ತೋದು ಸಾಕಲ್ಲ ನಮಗೆಲ್ಲ," ಎಂದರು ಮೇಷ್ಟ್ರು. ಪಿಸುಮಾತಾದರೂ ಅಕ್ಕನಿಗೆ ಕೇಳಿಸಿತು. ಟೆಲಿಫೋನಿನ ಕಿವಿ.

ಆ ಬೆಳಗ್ಗೆ ಮೊದಲ ಸರದಿ ಅಕ್ಕನದಾಗಿತ್ತು. ಅಕ್ಕನ ವ್ಯಾಯಾಮಕ್ಕೆ ಅಳಿಯನನ್ನು ನಕಲು ಮಾಡುವಂತೆ ಇಡುತ್ತಿದ್ದರು. ಅಕ್ಕ ಕೈ ಎತ್ತಿದಷ್ಟೇ ಅಳಿಯ ಎತ್ತಬೇಕು, ಇಳಿಸಿದರೆ ಇಳಿಸಬೇಕು. ತಾನೇ ಅವನನ್ನು ಆಡಿಸುತ್ತಿದ್ದೇನೆ ಎಂಬ ಹುರುಪಿನಲ್ಲಿ ಅಕ್ಕನ ಸೋತ ಕೈ ದಿನೇ ದಿನೇ ಮೇಲೇರುತ್ತಿತ್ತು. ನಡಿಗೆಯ ವ್ಯಾಯಾಮಕ್ಕೆ ಬಂದಾಗ ಹುಡುಗಿ ತನ್ನ ಕೈಯಲ್ಲಿದ್ದ ಟಚ್‌ಸ್ಕ್ರೀನ್ ಫಲಕದ ಮೇಲೆ ಅದನ್ನು ಬದಲಾಯಿಸಿ, ಅಳಿಯನನ್ನು ಮುಂದಾಳು ಮಾಡಬೇಕಿತ್ತು. ಅಂದು ಅಕ್ಕ ಕೈ ಕಿವಿಯವರೆಗೆ ಬಂತೆಂಬ ಸಂಭ್ರಮದಲ್ಲಿ, "ನೋಡೇ, ಇನ್ನೊಂದ್ಸಲ ನೋಡೇ," ಎಂದು ಬಿಡದೆ ಮಾತಾಡಿಸಿ ಹುಡುಗಿಯ ಗಮನ ತಪ್ಪಿಸಿದರು. ಅವಳು ಮೇಷ್ಟ್ರ ಸೊಂಟಕ್ಕೆ ಬೆಲ್ಟ್ ಕಟ್ಟಿ, ಹಿಂದಿನಿಂದ ಅದನ್ನು ಹಿಡಿದು, "ಹೊರಡೋಣ," ಎಂದಳು.

ಮೇಷ್ಟ್ರು ಹೊರಟರು. ಅಳಿಯನೂ ಹೊರಟ. ಇಬ್ಬರೂ ಜೊತೆಜೊತೆಗೆ ವ್ಯಾಯಾಮದ ಕೋಣೆ ದಾಟಿ ಪಡಸಾಲೆಯ ಬಾಗಿಲಿಗೆ ಬಂದರು. ಮೇಷ್ಟ್ರ ಕಾಲು ಎಂದಿನಂತೆ ನಿಂತಿತು. ಅಳಿಯನ ಕಾಲೂ ನಿಂತಿತು.

ಮೇಷ್ಟ್ರು ಕಾದರು. ಅಳಿಯ ಆಚೆ ಹೋಗಿ ಕೈ ಚಾಚುತ್ತಾನೆ, ಹೊಟ್ಟೆ ಉರಿಸುತ್ತಾನೆ ಎಂದು ಕಾದರು. ಅಳಿಯ ಹೋಗಲಿಲ್ಲ. ಮೇಷ್ಟ್ರು ತಲೆ ತಿರುಗಿಸಿ ಅವನನ್ನು ನೋಡಿದರು, ಅಳಿಯ ತಲೆ ತಿರುಗಿಸಿ ಇವರನ್ನು ನೋಡಿದ. ಮದುವೆಮನೆಯ ಬಾಗಿಲಲ್ಲಿ ನೀವು ಮೊದಲು, ಇಲ್ಲ ನೀವು ಮೊದಲು ಎಂದು ಉಪಚಾರ ಮಾಡುತ್ತಾ ನಿಂತ ಬೀಗರ ಹಾಗೆ ಇಬ್ಬರೂ ನಿಂತರು.

"ಏನಾಯ್ತು ಇವನಿಗೆ?" ಎಂದರು ಮೇಷ್ಟ್ರು.

ಹುಡುಗಿ ಫಲಕ ನೋಡಿದಳು. ತಪ್ಪು ಕಣ್ಣಿಗೆ ಬಿತ್ತು. ಬಾಯಿ ತೆರೆದಳು. ಅಷ್ಟರಲ್ಲಿ ಮೇಷ್ಟ್ರ ದನಿ ಮತ್ತೆ ಬಂತು, ಈ ಸಲ ಒಂದಿಷ್ಟು ಗಟ್ಟಿಯಾಗಿ. ಅವಳು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡಳು.

ಮೇಷ್ಟ್ರು ಅಳಿಯನ ಮೊಣಕಾಲು ನೋಡುತ್ತಿದ್ದರು. ಅದು ಸಣ್ಣಗೆ ನಡುಗುತ್ತಿತ್ತು. ಆ ನಡುಕ ಅವರಿಗೆ ಚೆನ್ನಾಗಿ ಗೊತ್ತು. ತಮ್ಮದೆಂದಲ್ಲ. ಮೊದಲ ದಿನ ಕ್ಲಚ್ಚಿನ ಮೇಲೆ ಕಾಲಿಟ್ಟ ಪ್ರತಿಯೊಬ್ಬರ ಮೊಣಕಾಲೂ ಹೀಗೇ ನಡುಗುತ್ತದೆ. ಆ ಹೊತ್ತಿನಲ್ಲಿ ಅವರಿಗೆ ಕಂಡದ್ದು ಹೊಟ್ಟೆ ಉರಿಸುವ ಅಳಿಯನಲ್ಲ, ಚೌಕದ ನಟ್ಟನಡುವೆ ಗಾಡಿ ಆಫ್ ಮಾಡಿಕೊಂಡು, ಹಿಂದೆ ಹಾರ್ನ್ ಹೊಡೆಯುವವರಿಗೆ ಹೆದರಿ ಕೂತ ಒಬ್ಬ ಹೊಸ ಕಲಿಕೆಗಾರ.

"ಹೆದರ್ಕೊಬೇಡ," ಎಂದರು. "ಯಾರಪ್ಪನ ರಸ್ತೆನೂ ಅಲ್ಲ ಇದು. ಹಿಂದಿನವರು ಕಾಯ್ತಾರೆ. ಮೊದಲು ಕಾಲು ನೋಡೋದು ಬಿಡು. ತಲೆ ಎತ್ತು."

ಅವರು ತಲೆ ಎತ್ತಿದರು. ಅಳಿಯ ತಲೆ ಎತ್ತಿದ.

"ಹಾಂ. ದೂರ ನೋಡು, ಆ ಕಿಟಕಿ ನೋಡು. ಈಗ ಕ್ಲಚ್ಚು. ಒಂದೇ ಸಲಕ್ಕೆ ಬಿಟ್ರೆ ಗಾಡಿ ಎಗರಿ ನಿಂತುಬಿಡುತ್ತೆ. ಈ ಕಾಲು ಒತ್ತುತ್ತಾ ಹೋದ ಹಾಗೆ ಆ ಕಾಲು ಏಳ್ತಾ ಬರಬೇಕು. ಒಂದು ಒತ್ತು, ಒಂದು ಬಿಡು. ಎರಡೂ ಒಟ್ಟಿಗೆ. ನಿಧಾನ, ನಿಧಾನ. ನೋಡ್ಕೊ, ನಾನು ಮಾಡಿ ತೋರಿಸ್ತೀನಿ."

ಮಾಡಿ ತೋರಿಸಲು ಮೇಷ್ಟ್ರು ಬಲಗಾಲನ್ನು ಒತ್ತಿದರು. ಒತ್ತಿದ ಹಾಗೆ ಮೈಯ ಭಾರವೆಲ್ಲ ಅತ್ತ ಜಾರಿತು. ಎಡಗಾಲು ಹಗುರವಾಯಿತು. ಹಗುರವಾದ ಕಾಲು, ಯಾರೂ ಕೇಳದೆಯೇ, ಎದ್ದು ಹೊಸ್ತಿಲಿನ ಆಚೆ ಹೋಗಿ ಕೂತಿತು.

"ಕ್ಲಚ್," ಎಂದು ಕೂಗಿದರು ಮೇಷ್ಟ್ರು. ಪಡಸಾಲೆಯ ಕೊನೆಯಲ್ಲಿ ನೆಲ ಒರೆಸುತ್ತಿದ್ದವಳು ಬೆಚ್ಚಿ ತಿರುಗಿದಳು. "ಬಿಡು, ಬಿಡು, ಬಿಡು. ಆಯ್ತು. ಇನ್ನೊಂದು ಕಾಲು. ಕ್ಲಚ್."

ಮೇಷ್ಟ್ರು ದಾಟಿದರು, ಅಳಿಯನೂ ದಾಟಿದ. ಇಬ್ಬರೂ ಪಡಸಾಲೆಯ ಕಿಟಕಿಯವರೆಗೆ ಹೋಗಿ ನಿಂತರು. ಮೇಷ್ಟ್ರು ಗೆದ್ದವರ ಗತ್ತಿನಲ್ಲಿ ಹುಡುಗಿಯ ಕಡೆ ತಿರುಗಿದರು.

"ನಿಮ್ಮ ಕಂಪ್ಯೂಟರ್‌ಗೆ ಬರದೇ ಇದ್ದದ್ದನ್ನ ನಾನು ಕಲಿಸಿದೆ ನೋಡು ಮಗಳೇ. ಬುದ್ಧಿವಂತ. ಒಂದೇ ಪಾಠಕ್ಕೆ ಹಿಡಿದ. ಸುಮ್ಮನೆ ಅವನನ್ನ ಬೈಕೊಂಡಿದ್ದೆ."

ಹುಡುಗಿ ಫಲಕವನ್ನು ಎದೆಗವಚಿಕೊಂಡು ನಿಂತಿದ್ದಳು. ಹೇಳದೆ ಬಿಟ್ಟುಬಿಡಬಹುದಿತ್ತು. ಅವಳಿಗೆ ಅದು ಸರಿಕಾಣಲಿಲ್ಲ.

"ಮೇಷ್ಟ್ರೇ, ಅದು... ಅವನಿಗೆ ಏನೂ ಆಗಿರಲಿಲ್ಲ. ನಾನು ಬದಲಾಯಿಸೋಕೆ ಮರ್ತೆ. ಅವನು ನಿಮ್ಮನ್ನ ನೋಡಿ ನಕಲು ಮಾಡ್ತಿದ್ದ. ನೀವು ನಿಂತ್ರೆ ನಿಲ್ಲೋದು, ನಡೆದ್ರೆ ನಡೆಯೋದು."

"ಅಂದ್ರೆ ಆ ಮೊಣಕಾಲು ನಡುಗಿದ್ದು?"

"ನಿಮ್ಮದೇ."

ಮೇಷ್ಟ್ರು ತಮ್ಮ ಮೊಣಕಾಲನ್ನೊಮ್ಮೆ, ಅಳಿಯನದನ್ನೊಮ್ಮೆ ನೋಡಿದರು. ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕ ಸುಮ್ಮನಾದರು. ಅದು ಅಪರೂಪದ ಸಂಗತಿ. ಹುಡುಗಿಗೆ ನಿಂತಲ್ಲೇ ಭೂಮಿಗಿಳಿದುಹೋಗುವಂತಾಯಿತು. ಮೇಷ್ಟ್ರ ಮುಖದಲ್ಲಿ ಎಂದಿನಂತೆ ಏನೂ ಬರೆದಿರಲಿಲ್ಲ. ಆಮೇಲೆ ಅವರ ಭುಜ ಕುಲುಕಿತು. ಹೊಟ್ಟೆ ಕುಲುಕಿತು. ಮೂಗಿನಿಂದ ಗೊರಕೆಯಂಥದೊಂದು ಸದ್ದು ಹೊರಟಿತು.

"ಹಾಗಾದ್ರೆ ನನ್ನ ಜೀವಮಾನದ ಅತಿ ದಡ್ಡ ಶಿಷ್ಯನಿಗೆ ಇವತ್ತು ಪಾಠ ಆಯ್ತು ಅನ್ನು," ಎಂದರು. ಪಕ್ಕದಲ್ಲಿ ಅಳಿಯನ ಭುಜವೂ ಅವರನ್ನು ನೋಡಿ ಕುಲುಕುತ್ತಿತ್ತು. ಅದನ್ನು ಕಂಡ ಅಕ್ಕ ನಗಲು ಶುರುಮಾಡಿದವರು ಕುರ್ಚಿ ತರಿಸಿಕೊಂಡು ಕೂತು ನಕ್ಕರು.

ಅಂದಿನಿಂದ ಹುಡುಗಿ ಬೇಕೆಂದೇ ಅಳಿಯನನ್ನು ನಕಲಿಗೆ ಇಟ್ಟಳು. ಮೇಷ್ಟ್ರು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ದಿನಾ ಅವನಿಗೆ ಪಾಠ ಹೇಳಿದರು. ಕೆಲವು ದಿನ ಕಾಲು ಕೇಳುತ್ತಿತ್ತು, ಕೆಲವು ದಿನ ಕೇಳುತ್ತಿರಲಿಲ್ಲ. ಕೇಳದ ದಿನ, "ಇವತ್ತು ಶಿಷ್ಯನಿಗೆ ಮೂಡ್ ಇಲ್ಲ," ಎಂದು ಬಂದು ಕೂರುತ್ತಿದ್ದರು. ಪಾಠ ಚೆನ್ನಾಗಿ ಆದ ದಿನ ಹುಡುಗಿ ಕೊನೆಯಲ್ಲೊಂದು ಗುಂಡಿ ಒತ್ತುತ್ತಿದ್ದಳು, ಅಳಿಯ ಎರಡೂ ಕೈ ಎತ್ತುತ್ತಿದ್ದ. ಮೇಷ್ಟ್ರು ಅವನನ್ನೇ ನೋಡುತ್ತಾ ನಿಲ್ಲುತ್ತಿದ್ದರು.

ಆದರೆ ಕೇಂದ್ರದ ಬಾಗಿಲು ಬೇರೆ, ಮನೆಯ ಬಾಗಿಲು ಬೇರೆ. ಮನೆಯಲ್ಲಿ ಶಿಷ್ಯನಿರಲಿಲ್ಲ. ಗೋಡೆಗೆ ಪಾಠ ಹೇಳಿ ನೋಡಿದರು, ತಿರುಗಿಸಿಟ್ಟ ಕುರ್ಚಿಗೆ ಹೇಳಿ ನೋಡಿದರು. ಕಲಿಯುವವನು ಇಲ್ಲದೆ ಪಾಠ ಬಾಯಿಗೆ ಬಂದರೂ ಕಾಲಿಗಿಳಿಯಲಿಲ್ಲ. ಅಳಿಯನನ್ನು ಒಂದು ದಿನದ ಮಟ್ಟಿಗೆ ಮನೆಗೆ ಕಳಿಸುವಂತೆ ಹುಡುಗಿ ಡಾಕ್ಟರನ್ನು ಕೇಳಿದಳು. ಅದಕ್ಕಾಗಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿದ್ದಳಂತೆ. ಕಟ್ಟಡದಿಂದ ಹೊರಗೆ ಕಳಿಸುವ ಹಾಗಿಲ್ಲ, ನೀನು ಬೇಕಾದರೆ ಹೋಗು ಎಂದರು ಡಾಕ್ಟರು.

ಹೀಗಾಗಿ ರಜಾದಿನದ ಬೆಳಗ್ಗೆ ಹುಡುಗಿ ಒಬ್ಬಳೇ ಮೇಷ್ಟ್ರ ಮನೆಗೆ ಬಂದಳು. ಬಿಸಿಲು ಹದವಾಗಿತ್ತು. ಹೆಂಡತಿ ಬೆಕ್ಕನ್ನು ಒಕ್ಕಲೆಬ್ಬಿಸಿ, ಹೊದಿಕೆ ತೆಗೆದು, ಕಾರನ್ನು ಒರೆಸಿ ಫಳಫಳ ಮಾಡಿದ್ದಳು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೊಂಟಕ್ಕೆ ಬೆಲ್ಟ್ ಕಟ್ಟಿಸಿಕೊಂಡು, ಬಾಗಿಲಿಗೆ ಬಂದು, ನಿಂತರು.

ನಿಂತವರು ನಿಂತೇ ಇದ್ದರು. ಹುಡುಗಿ ಹಿಂದಿನಿಂದ ಬೆಲ್ಟ್ ಹಿಡಿದು ಕಾದಳು. ಎದುರುಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು, ಪಕ್ಕದ ಮನೆಯದರಲ್ಲಿ ಇನ್ನೊಂದು. ಎಲ್ಲರೂ ಮೇಷ್ಟ್ರ ಶಿಷ್ಯರೇ. ಮೇಷ್ಟ್ರಿಗೆ ಕುತ್ತಿಗೆಯ ಹಿಂದೆ ಬೆವರು ಹರಿಯಿತು. ತಲೆ ಎತ್ತು, ದೂರ ನೋಡು ಎಂದು ತಮಗೆ ತಾವೇ ಹೇಳಿಕೊಂಡರು. ಕಾಲು ಕೇಳಿಸಿಕೊಳ್ಳಲಿಲ್ಲ.

ಹೆಂಡತಿ ಒಂದು ಕ್ಷಣ ಅವರನ್ನು ನೋಡಿದಳು. ಆಮೇಲೆ ಹೋಗಿ ಸ್ಟೀರಿಂಗಿನ ಮುಂದೆ ಕೂತು ಬಾಗಿಲು ಹಾಕಿಕೊಂಡು ಕಾರು ಸ್ಟಾರ್ಟ್ ಮಾಡಿದಳು. ಕಾರು ಕೆಮ್ಮಿ, ಒಂದಡಿ ಎಗರಿ, ಆಫ್ ಆಯಿತು.

ಮೇಷ್ಟ್ರ ಹುಬ್ಬು ಎಲ್ಲಿಲ್ಲದ ಶಕ್ತಿ ತಂದುಕೊಂಡು ಗಂಟಿಕ್ಕಿತು.

ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ಎಗರಿತು, ಮತ್ತೆ ಆಫ್.

"ಏನೇ ಅದು," ಎಂದರು ಮೇಷ್ಟ್ರು. "ಒಂದೇ ಸಲಕ್ಕೆ ಬಿಡ್ತಿದ್ದೀಯಲ್ಲೇ. ಯಾರು ಕೊಟ್ರು ನಿನಗೆ ಲೈಸೆನ್ಸು?"

"ಬರ್ತಾ ಇಲ್ಲ ರೀ," ಎಂದಳು ಹೆಂಡತಿ ಕಿಟಕಿಯಿಂದ. "ಯಾವುದನ್ನ ಮೊದಲು ಬಿಡೋದು?"

"ಮೊದಲು ಒಂದು, ಆಮೇಲೆ ಒಂದು ಅಂತ ಇಲ್ಲ. ಎರಡೂ ಒಟ್ಟಿಗೆ. ಈ ಕಾಲು ಒತ್ತು, ಆ ಕಾಲು ಬಿಡು. ಒತ್ತು, ಬಿಡು." ಬಲಗಾಲು ಒತ್ತಿತು, ಎಡಗಾಲು ಹೊಸ್ತಿಲು ದಾಟಿತು. "ನಿಧಾನ. ಗಾಡಿಗೂ ಜೀವ ಇದೆ ಅಂದ್ಕೊ." ಮೊದಲ ಮೆಟ್ಟಿಲು. "ಕ್ಲಚ್." ಎರಡನೆಯದು. "ಕ್ಲಚ್ ಅಂತಿದ್ದೀನಿ, ಕಿವಿ ಎಲ್ಲಿದೆ ನಿನಗೆ?"

ಬೀದಿಯಲ್ಲಿ ಆ ದನಿ ಕೇಳಿ ಬಹಳ ಕಾಲವಾಗಿತ್ತು. ಕಿಟಕಿಗಳಲ್ಲಿದ್ದ ತಲೆಗಳು ತಮಗರಿವಿಲ್ಲದೆ ನೆಟ್ಟಗಾದವು. ಎದುರುಮನೆಯವನು ಅಡುಗೆಮನೆಯ ನೆಲದ ಮೇಲೆ ಕಾಲು ಒತ್ತಿಯೂ ಬಿಟ್ಟನೆಂದು ಆಮೇಲೆ ಅವನ ಹೆಂಡತಿ ಹೇಳಿದಳು.

ಮೇಷ್ಟ್ರು ಬೈಯುತ್ತಾ ಅಂಗಳ ದಾಟಿದರು, ಬೈಯುತ್ತಾ ಕಾರಿನ ಬಾಗಿಲು ಹಿಡಿದರು. ಹುಡುಗಿ ಬೆಲ್ಟ್ ಹಿಡಿದೇ ಅವರನ್ನು ನಿಧಾನವಾಗಿ ತಿರುಗಿಸಿ ಸೀಟಿನಲ್ಲಿ ಕೂರಿಸಿದಳು. ಕೂತ ಮೇಲೆ ಮೇಷ್ಟ್ರು ತಿರುಗಿ, ದೂರದಲ್ಲಿ ತೆರೆದೇ ಉಳಿದ ಮನೆಯ ಬಾಗಿಲನ್ನು ನೋಡಿದರು. ಅದು ಬರೀ ಬಾಗಿಲಿನ ಹಾಗೆ ಇತ್ತು.

"ಇನ್ನೊಂದ್ಸಲ ಆಫ್ ಮಾಡ್ಲಾ, ಇಷ್ಟು ಸಾಕಾ?" ಎಂದಳು ಹೆಂಡತಿ.

ಮೇಷ್ಟ್ರು ಅವಳನ್ನು ದಿಟ್ಟಿಸಿದರು. "ಬೇಕೂಂತ ಮಾಡಿದ್ದಾ?"

"ನಿಮ್ಮ ಎಕ್ಸ್‌ಚೇಂಜ್ ಅಕ್ಕ ಫೋನ್ ಮಾಡಿದ್ರು. ನಿಮಗೆ ಔಷಧಿಗಿಂತ ಒಬ್ಬ ದಡ್ಡ ಶಿಷ್ಯ ಬೇಕು ಅಂದ್ರು. ಅಳಿಯನ್ನ ಕಳಿಸಲ್ವಂತೆ, ಅತ್ತೆಯಾದ್ರೂ ದಡ್ಡಿಯಾಗಲಿ ಅಂತ."

ಅವಳು ಕಾರು ಸ್ಟಾರ್ಟ್ ಮಾಡಿದಳು. ಈ ಸಲ ಅದು ಎಗರಲಿಲ್ಲ, ಕೆಮ್ಮಲಿಲ್ಲ; ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇಟು ದಾಟಿ ಬೀದಿಗಿಳಿಯಿತು. ಮನೆಯ ಬಾಗಿಲು ಎಳೆದು ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಹುಡುಗಿ ಮುಖ ತಿರುಗಿಸಿ ನಗುತ್ತಿದ್ದಳು. ಮೊದಲನೆಯ ತಿರುವು ಬಂತು, ಹಳೆಯ ಜಗಳದ ತಿರುವು. ಮೇಷ್ಟ್ರ ಕಾಲು ಅಭ್ಯಾಸಬಲದಿಂದ ತಮ್ಮ ಕಡೆಯ ಬ್ರೇಕನ್ನು ಹುಡುಕಿತು. ಕಲಿಸುವವರ ಕಾಲಬುಡದಲ್ಲಿ ಇರುತ್ತಿದ್ದ ಆ ಬ್ರೇಕು. ಕಾಲಿಗೆ ಬರೀ ರಬ್ಬರ್ ಹಾಸು ಸಿಕ್ಕಿತು.

"ನನ್ನ ಬ್ರೇಕ್ ಎಲ್ಲಿ?"

"ಬಿಚ್ಚಿಸಿದೆ."

"ಯಾವಾಗ?"

"ಲೈಸೆನ್ಸ್ ಬಂದ ದಿನವೇ. ಸುಮ್ಮನೆ ಕೂತ್ಕೊಂಡು ಬೀದಿ ನೋಡಿ."

ತಿರುವು ಸಲೀಸಾಗಿ ಹಿಂದೆ ಸರಿಯಿತು. ಕಿಟಕಿಯಿಂದ ಗಾಳಿ ನುಗ್ಗಿ ಇಸ್ತ್ರಿಯ ಅಂಗಿಯನ್ನು ಉಬ್ಬಿಸಿತು. ಮೇಷ್ಟ್ರ ಹೊಟ್ಟೆಯಲ್ಲಿ ನಗು ಹುಟ್ಟಿತು, ಎದೆಗೇರಿತು, ಗಂಟಲಿನವರೆಗೆ ಬಂತು, ಮುಖದ ಬಾಗಿಲಲ್ಲಿ ಎಂದಿನಂತೆ ನಿಂತುಬಿಟ್ಟಿತು. ಅದನ್ನು ಅಲ್ಲೇ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಸ್ವಲ್ಪ ಯೋಚಿಸಿದರು. ಆಮೇಲೆ ನಡುಗುವ ಎರಡೂ ಕೈಯನ್ನು ನಿಧಾನವಾಗಿ ಎತ್ತಿದರು, ತಲೆಯ ಮೇಲಕ್ಕೆ, ಕಾರಿನ ಚಾವಣಿ ತಾಗುವವರೆಗೆ, ಥೇಟ್ ಅಳಿಯನ ಹಾಗೆ.

ಹೆಂಡತಿ ಓರೆಗಣ್ಣಿನಲ್ಲಿ ನೋಡಿದಳು. ಅವಳಿಗೆ ಅರ್ಥವಾಯಿತು. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು.

"ಗೊತ್ತಾಯ್ತು ಬಿಡಿ," ಎಂದಳು. "ಈಗ ಕೈ ಕೆಳಗಿಳಿಸಿ. ಕನ್ನಡಿ ಕಾಣ್ತಿಲ್ಲ."